ಗ್ಯಾರೇಜಿನ ಹುಡುಗರೇ, ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ!



ಇಲ್ಲಿ ಕೂತಿರುವವರ ಕೈ ನೋಡಿದರೆ ಕಸುಬು ಗೊತ್ತಾಗುತ್ತದೆ. ನಿಮ್ಮ ಉಗುರಿನಲ್ಲಿ ಗ್ರೀಸು, ನನ್ನ ಉಗುರಿನಲ್ಲಿ ಇಂಕು. ಎರಡೂ ಸೋಪಿಗೆ ಹೋಗುವ ಪೈಕಿ ಅಲ್ಲ. ನಾನು ವಕೀಲನಲ್ಲ, ಓದಿದ್ದು ಪಿಯುಸಿ. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಈ ಊರಿನ ಗ್ಯಾರೇಜುಗಳಿಗೆ ಜಾಬ್ ಕಾರ್ಡು, ಬಿಲ್ ಬುಕ್ಕು ಅಚ್ಚು ಹಾಕಿ ಕೊಡುತ್ತಿದ್ದೇನೆ. ಅಚ್ಚು ಹಾಕುವವನು ಪ್ರೂಫು ಓದಲೇಬೇಕು. ಹಾಗೆ ಓದಿ ಓದಿ, ಅರ್ಥವಾಗದ್ದನ್ನು ಗೊತ್ತಿದ್ದ ವಕೀಲರ ಹತ್ತಿರ ಕೇಳಿ ಕೇಳಿ ಕಲಿತ ವಿದ್ಯೆ ಇದು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ವಿಷಯ ಏನು? ಗಿರಾಕಿ ಗಾಡಿ ಬಿಟ್ಟು ಹೋಗುತ್ತಾನೆ. ನೀವು ರಿಪೇರಿ ಮಾಡಿ ಕೊಡುತ್ತೀರಿ. ಎರಡು ದಿನ ಬಿಟ್ಟು ವಾಪಸು ಬಂದು, 'ಬಾಗಿಲ ಮೇಲಿನ ಗೀರು ನಿಮ್ಮಲ್ಲಿ ಬಿದ್ದದ್ದು, ಟೇಪು ಕಾಣುತ್ತಿಲ್ಲ, ಎಂಜಿನ್ನು ಮೊದಲು ಶಬ್ದ ಮಾಡುತ್ತಿರಲಿಲ್ಲ' ಅನ್ನುತ್ತಾನೆ. ಆಗ ನಿಮ್ಮ ಕೈಯಲ್ಲಿ ಏನಿರುತ್ತದೆ?

ನಮ್ಮ ಬೀದಿಯ ಒಬ್ಬ ಹುಡುಗನ ಕೈಯಲ್ಲಿ ಇದ್ದದ್ದು ಎರಡೇ ಪದ: 'ಜನರಲ್ ಸರ್ವಿಸ್'. ಒಳ್ಳೆಯ ಕೆಲಸಗಾರ. ಶಬ್ದ ಕೇಳಿಯೇ ವಾಲ್ವ್ ಕ್ಲಿಯರೆನ್ಸು ಹೇಳುವಂಥವನು. ಕಾರು ಬಿಟ್ಟುಹೋದ ಗಿರಾಕಿ ಆರು ಜನರನ್ನು ಕಟ್ಟಿಕೊಂಡು ಬಂದು ನಿಂತ. ಹುಡುಗನಿಗೆ ಇಂಗ್ಲಿಷ್ ಬಾರದು, ಬಂದವರಿಗೆ ಕನ್ನಡ ಬೇಕಿಲ್ಲ. ಬಂಪರು ಒಡೆದಿತ್ತು ನಿಜ. ಯಾವಾಗ ಒಡೆದದ್ದು ಎಂದು ಹೇಳಲು ಒಂದು ಗೆರೆ ಬರಹ ಇರಲಿಲ್ಲ. ಸಂಜೆ ಹೊತ್ತಿಗೆ ಹೆಂಡತಿಯ ಸರ ಗಿರವಿ ಅಂಗಡಿಗೆ ಹೋಯಿತು. ಅವನು ಒಡೆದನೋ ಇಲ್ಲವೋ, ನನಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೇ ಇರಲಿಲ್ಲ ಎಂಬುದು ನನ್ನ ಸಂಕಟ.

ಈಗ ಕಾನೂನು ಏನನ್ನುತ್ತದೆ ನೋಡೋಣ. ಹೆದರಬೇಡಿ, ಹಳೆಯ ಕಾನೂನು, ಸರಳವಾಗಿಯೇ ಇದೆ. 1872ರ ಕರಾರು ಕಾಯಿದೆ. ಅದರ 148ನೇ ಕಲಮಿನಿಂದ ಒಂದು ಅಧ್ಯಾಯ ಶುರುವಾಗುತ್ತದೆ. ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಕೆಲಸಕ್ಕೆಂದು ಒಪ್ಪಿಸಿಕೊಂಡು, ಕೆಲಸ ಮುಗಿದ ಮೇಲೆ ವಾಪಸು ಕೊಡುವ ವ್ಯವಹಾರ ಅದು. ಇಂಗ್ಲಿಷಿನಲ್ಲಿ ಬೇಲ್‌ಮೆಂಟ್ ಅನ್ನುತ್ತಾರೆ. ಜೈಲಿನಿಂದ ಬಿಡಿಸುವ ಬೇಲಿಗೂ ಇದಕ್ಕೂ ಸಂಬಂಧವಿಲ್ಲ! ಅಕ್ಕಸಾಲಿಗನಿಗೆ ಕೊಟ್ಟ ಚಿನ್ನ, ದರ್ಜಿಗೆ ಕೊಟ್ಟ ಬಟ್ಟೆ, ನನ್ನ ಪ್ರೆಸ್ಸಿಗೆ ಪಾರ್ಟಿಯವರು ತಂದು ಇಳಿಸುವ ಪೇಪರಿನ ರೀಮು, ನಿಮ್ಮ ಗ್ಯಾರೇಜಿಗೆ ಬರುವ ಗಾಡಿ, ಎಲ್ಲವೂ ಇದೇ ಲೆಕ್ಕ. ಕೀಲಿ ನಿಮ್ಮ ಕೈಗೆ ಬಂದ ಗಳಿಗೆಯಿಂದ ಆ ಗಾಡಿಯನ್ನು ನಿಮ್ಮ ಸ್ವಂತ ಗಾಡಿಯಂತೆ ನೋಡಿಕೊಳ್ಳಬೇಕು. ಸಾಮಾನ್ಯ ತಿಳಿವಳಿಕೆ ಇರುವ ಮನುಷ್ಯ ತನ್ನ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು. ಇದು 151ನೇ ಕಲಮು. ಅಷ್ಟು ಜೋಪಾನ ಮಾಡಿದ ಮೇಲೂ ವಸ್ತುವಿಗೆ ಹಾನಿಯಾದರೆ, ಬೇರೆ ಕರಾರು ಇಲ್ಲದಿದ್ದರೆ, ನೀವು ಹೊಣೆಯಲ್ಲ. ಇದು 152.

ಕೇಳಲು ಚೆನ್ನಾಗಿದೆ ಅಲ್ಲವೇ? ಆದರೆ ಜೋಪಾನ ಮಾಡಿದ್ದೆ ಎಂದು ತೋರಿಸಬೇಕಾದವರು ನೀವು. ಗಿರಾಕಿ 'ಚೆನ್ನಾಗಿದ್ದ ಗಾಡಿ ಕೊಟ್ಟೆ, ಕೆಟ್ಟದ್ದು ಬಂತು' ಎಂದು ತೋರಿಸಿದರೆ ಅವನ ಕೆಲಸ ಬಹುಪಾಲು ಮುಗಿಯಿತು.

'ನಮ್ಮಲ್ಲಿ ಬೋರ್ಡು ಹಾಕಿದ್ದೇವೆ ಸಾರ್, ವಾಹನಗಳಿಗೆ ಮಾಲೀಕರೇ ಜವಾಬ್ದಾರರು ಅಂತ' ಎಂದು ಬಹಳ ಜನ ನನಗೆ ಹೇಳುತ್ತಾರೆ. ಆ ಬೋರ್ಡನ್ನು ನಂಬಿ ಮಲಗಬೇಡಿ. ದೆಹಲಿಯ ತಾಜ್ ಮಹಲ್ ಹೋಟೆಲಿನ ಮೊಕದ್ದಮೆ ಕೇಳಿ. 1998ರಲ್ಲಿ ಒಬ್ಬರು ಮಾರುತಿ ಝೆನ್ ಕಾರನ್ನು ಹೋಟೆಲಿನ ಸಿಬ್ಬಂದಿಯ ಕೈಗೆ ನಿಲ್ಲಿಸಲು ಕೊಟ್ಟರು. ಕೈಗೆ ಬಂದ ಚೀಟಿಯಲ್ಲಿ ಎಲ್ಲವೂ ಮಾಲೀಕರ ಹೊಣೆ ಎಂದು ಅಚ್ಚಾಗಿತ್ತು. ಕಾರು ಕಳುವಾಯಿತು. ಇಪ್ಪತ್ತೊಂದು ವರ್ಷದ ನಂತರ, 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಕೀಲಿ ಒಪ್ಪಿಸಿಕೊಂಡ ಮೇಲೆ ಜೋಪಾನ ಮಾಡುವುದು ಒಪ್ಪಿಸಿಕೊಂಡವನ ಕರ್ತವ್ಯ, ನಿರ್ಲಕ್ಷ್ಯ ಮಾಡಿ ಚೀಟಿ ತೋರಿಸಿ ತಪ್ಪಿಸಿಕೊಳ್ಳಲಾಗದು ಎಂಬುದು ಅದರ ತಿರುಳು. ತಾಜ್ ಹೋಟೆಲಿನ ಚೀಟಿಗೇ ನಡೆಯಲಿಲ್ಲ, ನಿಮ್ಮ ತಗಡಿನ ಬೋರ್ಡಿಗೆ ನಡೆಯುತ್ತದೆಯೇ?

ಆ ಮೊಕದ್ದಮೆಯಲ್ಲಿ ಇನ್ನೊಂದು ವಿಷಯ ಇತ್ತು. ಮಾಲೀಕನಿಗೆ ವಿಮೆ ಕಂಪನಿ ಹಣ ಕೊಟ್ಟಾಗಿತ್ತು. ಆಮೇಲೆ ಆ ಕಂಪನಿಯೇ ಹೋಟೆಲಿನ ಮೇಲೆ ಬಂತು. ಆದ್ದರಿಂದ 'ಗಿರಾಕಿಗೆ ಇನ್ಶೂರೆನ್ಸ್ ಬಂತಲ್ಲ, ಇನ್ನೇನು' ಎಂದು ಕೈ ತೊಳೆದುಕೊಳ್ಳಬೇಡಿ.

ಹಾಗಾದರೆ ಉಳಿಯುವ ದಾರಿ ಯಾವುದು? ಕಾಗದ. ಗಾಡಿ ಒಳಗೆ ಬರುವಾಗ ಬರೆಯುವ ಕಾಗದ. ನನ್ನ ವ್ಯಾಪಾರಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ, ಶಾಲೆಯ ಮಕ್ಕಳ ನೋಟ್ ಬುಕ್ಕಿನಲ್ಲಿ ಗೆರೆ ಎಳೆದು ಬರೆದರೂ ಆಗುತ್ತದೆ. ಆದರೆ ಬರೆಯಿರಿ!

ಗಾಡಿ ಬಂದಾಗ ಗಿರಾಕಿಯನ್ನು ಜೊತೆಗೆ ಕರೆದುಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿ. ಅವನಿಗೆ ಆಫೀಸಿನ ಗಡಿಬಿಡಿ ಇರುತ್ತದೆ, ಇರಲಿ. ಎರಡು ನಿಮಿಷ. ಕಿಲೋಮೀಟರ್ ಎಷ್ಟು, ಪೆಟ್ರೋಲ್ ಎಷ್ಟು ಗೆರೆ, ಎಲ್ಲಿ ಡೆಂಟು, ಎಲ್ಲಿ ಗೀರು, ಯಾವ ಗ್ಲಾಸು ಬಿರುಕು. ಕೀಲಿ ಆನ್ ಮಾಡಿದಾಗ ಮೀಟರಿನಲ್ಲಿ ಯಾವ ಯಾವ ದೀಪ ಉರಿಯುತ್ತದೆ, ಎಂಜಿನ್ ಶುರುವಾದ ಮೇಲೆ ಯಾವುದು ಆರುವುದಿಲ್ಲ. ಕಾರಾದರೆ ಸ್ಕ್ಯಾನರ್ ಹಾಕಿ ಮೊದಲಿನ ಕೋಡುಗಳನ್ನು ಬರೆದುಕೊಳ್ಳಿ, ಅಳಿಸುವ ಮುಂಚೆ. ಆಮೇಲೆ 'ನೀವು ಮುಟ್ಟಿದ ಮೇಲೆ ಏರ್‌ಬ್ಯಾಗ್ ದೀಪ ಬಂತು' ಎಂದರೆ ತೋರಿಸಲು ಏನಾದರೂ ಬೇಕಲ್ಲ. ಡಿಕ್ಕಿಯಲ್ಲಿ, ಸ್ಕೂಟರಿನ ಸೀಟಿನ ಕೆಳಗೆ ಇರುವುದನ್ನು ಅವನ ಕೈಯಲ್ಲೇ ತೆಗೆಸಿ. ತೆಗೆದುಕೊಂಡು ಹೋಗದಿದ್ದರೆ ಏನೇನಿದೆ ಎಂದು ಬರೆಯಿರಿ. ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು ಆಗಲೇ ಅವನ ವಾಟ್ಸಾಪಿಗೆ ಕಳಿಸಿಬಿಡಿ. ಕಳಿಸಿದ ಹೊತ್ತು ಅಲ್ಲೇ ದಾಖಲಾಗಿರುತ್ತದೆ. ಮೂಲ ಫೋಟೋ ಮಾತ್ರ ಅಳಿಸಬೇಡಿ.

ದೂರನ್ನು ಅವನ ಬಾಯಿಂದಲೇ ಹೇಳಿಸಿ, ಅವನು ಹೇಳಿದ ಮಾತಿನಲ್ಲೇ ಬರೆಯಿರಿ. 'ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತದೆ', 'ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಬಿಸಿಯಾದ ಮೇಲೆ ಸರಿ'. ನಿಮ್ಮ ತೀರ್ಮಾನ ಬೇರೆ, ಅವನ ದೂರು ಬೇರೆ. ಎರಡನ್ನೂ ಕಲಸಿ 'ಜನರಲ್ ಸರ್ವಿಸ್' ಎಂದು ಬರೆದರೆ ಇಡೀ ಗಾಡಿಯ ಆರೋಗ್ಯವೇ ನಿಮ್ಮ ತಲೆಗೆ ಬಂದಂತೆ.

ಮಳೆಗಾಲದ ಮಾತು ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ, ಹೊರವರ್ತುಲ ರಸ್ತೆಯಲ್ಲಿ ಕಾರುಗಳು ತೇಲಿದ್ದನ್ನು ನೀವೂ ನೋಡಿದಿರಿ. ನೀರು ಹೊಕ್ಕ ಎಂಜಿನ್ನನ್ನು ಯಾರಾದರೂ ಸ್ಟಾರ್ಟ್ ಮಾಡಲು ಹೋದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಕನೆಕ್ಟಿಂಗ್ ರಾಡು ಬಾಗುತ್ತದೆ. ಗಿರಾಕಿ ಮನೆಯ ಮುಂದೆ ನಾಲ್ಕು ಸಲ ಸೆಲ್ಫ್ ಹೊಡೆದು, ಆಗದೆ ಎಳೆಸಿಕೊಂಡು ಬಂದು, 'ಗ್ಯಾರೇಜಿನವನೇ ಸ್ಟಾರ್ಟ್ ಮಾಡಿ ಹಾಳು ಮಾಡಿದ' ಎಂದರೆ? ಅದಕ್ಕೇ ಕಾರ್ಡಿನಲ್ಲಿ ಒಂದು ಸಾಲು ಇರಲಿ: 'ನೀರಿನಲ್ಲಿ ನಿಂತ ಮೇಲೆ ಸ್ಟಾರ್ಟ್ ಮಾಡಲು ಪ್ರಯತ್ನಿಸಿದ್ದೀರಾ?' ಹೌದೋ ಅಲ್ಲವೋ, ಅವನ ಕೈಯಲ್ಲೇ ಬರೆಸಿ ರುಜು ಹಾಕಿಸಿ. ತನಗೆ ಗೊತ್ತಿರುವ ದೋಷವನ್ನು ಒಪ್ಪಿಸುವವನು ಹೇಳಲೇಬೇಕು ಎಂದು ಅದೇ ಕಾಯಿದೆಯ 150ನೇ ಕಲಮಿನಲ್ಲಿದೆ. ಮುಚ್ಚಿಟ್ಟರೆ ಅದರಿಂದ ನಿಮಗೆ ಆದ ನಷ್ಟಕ್ಕೆ ಅವನೇ ಹೊಣೆ. ಕಾನೂನು ಒಂದೇ ಕಡೆ ವಾಲಿಲ್ಲ ನೋಡಿ.

ಇನ್ನು ನಮ್ಮವರ ಒಂದು ಕೆಟ್ಟ ಅಭ್ಯಾಸಕ್ಕೆ ಬರುತ್ತೇನೆ. 'ಶುಕ್ರವಾರ ಬನ್ನಿ ಸಾರ್.' ಶುಕ್ರವಾರ ಬಂದರೆ 'ಸೋಮವಾರ ಸಾರ್, ಲೇತಿನವನು ಕೈಕೊಟ್ಟ.' ಈ ಮಾತಿನ ಬೆಲೆ ಗೊತ್ತೇ? 161ನೇ ಕಲಮಿನ ಪ್ರಕಾರ, ನಿಮ್ಮ ತಪ್ಪಿನಿಂದ ಹೇಳಿದ ಹೊತ್ತಿಗೆ ವಸ್ತು ವಾಪಸು ಕೊಡದಿದ್ದರೆ ಅಲ್ಲಿಂದ ಮುಂದೆ ಆಗುವ ಹಾನಿಗೆಲ್ಲ ನೀವೇ ಹೊಣೆ. ಭಾನುವಾರ ಮಳೆ ಬಂದು ಮರ ಬಿದ್ದು ಕಾರು ಜಜ್ಜಿದರೂ, 'ಮರ ನಾನು ಬೀಳಿಸಿದೆನೇ?' ಎಂದು ಕೇಳಲು ಬರುವುದಿಲ್ಲ. ಶುಕ್ರವಾರವೇ ಕೊಟ್ಟಿದ್ದರೆ ಕಾರು ಮರದ ಕೆಳಗೆ ಇರುತ್ತಿರಲಿಲ್ಲವಲ್ಲ! ಆದ್ದರಿಂದ ಆಗುವ ದಿನವನ್ನೇ ಹೇಳಿ. ತಡವಾಗುವುದಾದರೆ ಮುಂಚೆಯೇ ಮೆಸೇಜು ಹಾಕಿ ಅವನ ಒಪ್ಪಿಗೆ ತೆಗೆದುಕೊಳ್ಳಿ. ಇಂಜೆಕ್ಟರೋ ಹೆಡ್ಡೋ ಹೊರಗೆ ಲೇತಿಗೆ ಕಳಿಸಿದರೆ ಅವರಿಂದ ಚೀಟಿ ತೆಗೆದುಕೊಳ್ಳಿ. ಗಿರಾಕಿಗೆ ಗೊತ್ತಿರುವುದು ನಿಮ್ಮ ಮುಖ, ಲೇತಿನವನದ್ದಲ್ಲ.

ಇದಕ್ಕಿಂತ ಕಠಿಣವಾದದ್ದು 154. ಯಾವ ಕೆಲಸಕ್ಕೆ ಗಾಡಿ ಕೊಟ್ಟನೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಿದರೆ, ಆ ಹೊತ್ತಿನಲ್ಲಿ ಗಾಡಿಗೆ ಆದ ಹಾನಿ ನಿಮ್ಮದು. ಎಷ್ಟು ಜೋಪಾನವಾಗಿ ಓಡಿಸಿದೆ ಎಂಬ ವಾದ ಅಲ್ಲಿ ನಡೆಯದು. ಗಿರಾಕಿಯ ಬುಲೆಟ್ಟಿನಲ್ಲಿ ಟೀ ತರಲು ಹೋಗುವುದು, ಜೆ.ಸಿ. ರಸ್ತೆಗೆ ಬೇರೆ ಗಾಡಿಯ ಸ್ಪೇರು ತರಲು ಹೋಗುವುದು... ನಗಬೇಡಿ, ಇಲ್ಲಿರುವ ಎಷ್ಟು ಜನ ಬೆಳಿಗ್ಗೆ ಹೋಗಿ ಬಂದಿದ್ದೀರೋ! ಟ್ರಯಲ್ ನೋಡುವುದು ಕೆಲಸದ ಭಾಗ, ಅದಕ್ಕೆ ಕಾರ್ಡಿನಲ್ಲೇ ಒಪ್ಪಿಗೆ ಬರೆಸಿ. ಎಷ್ಟು ಕಿಲೋಮೀಟರ್ ಟ್ರಯಲ್ ಆಯಿತೆಂದೂ ಬರೆಯಿರಿ. ಓಡಿಸುವವನ ಹತ್ತಿರ ಲೈಸೆನ್ಸ್ ಇರಲೇಬೇಕು. ಹದಿನೆಂಟು ತುಂಬದ ಹುಡುಗನ ಕೈಗೆ ಕೀಲಿ ಕೊಟ್ಟರೆ ಕಥೆ ಇನ್ನೂ ಕೆಡುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿಯ ಮೇಲೆ ಅಂಥದ್ದಕ್ಕೆ ಗಾಡಿಯ ಮಾಲೀಕನಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ತನಗೆ ತಿಳಿಯದೆ ನಡೆದದ್ದು ಎಂದು ಅವನು ಸಾಬೀತು ಮಾಡಿ ಪಾರಾಗಬೇಕು. ಏನೂ ಅರಿಯದ ಗಿರಾಕಿಯನ್ನು ಕಟಕಟೆ ಹತ್ತಿಸಿದ ಮೇಲೆ ಅವನು ನಿಮ್ಮನ್ನು ಸುಮ್ಮನೆ ಬಿಡುತ್ತಾನೆಯೇ?

ಟ್ರಯಲಿನಲ್ಲಿ ದಾರಿಹೋಕರಿಗೆ ತಗುಲಿದರೆ? ಗೋವಾದ ಒಂದು ಪ್ರಕರಣದಲ್ಲಿ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಗಾಡಿ ರಿಪೇರಿಯವನ ಕೈಯಲ್ಲಿದ್ದಾಗ ಅಪಘಾತವಾದರೂ ಗಾಯಗೊಂಡವರಿಗೆ ಆ ಗಾಡಿಯ ವಿಮಾ ಕಂಪನಿ ಪರಿಹಾರ ಕೊಡಬೇಕು. ಅದು ಗಾಯಗೊಂಡವರಿಗೆ. ಗಾಡಿಗೆ ಆದ ಹಾನಿಯ ಲೆಕ್ಕ ಬೇರೆ. ಗ್ಯಾರೇಜುಗಳಿಗೆಂದೇ ಮೋಟಾರ್ ಟ್ರೇಡ್ ಪಾಲಿಸಿ ಎಂಬುದು ಇದೆ. ಗ್ಯಾರೇಜಿನ ಒಳಗಿನ ಅಪಾಯಕ್ಕೆ ಒಂದು, ರಸ್ತೆಯ ಅಪಾಯಕ್ಕೆ ಒಂದು. ಯಾರೂ ತಾವಾಗಿ ಬಂದು ಹೇಳುವುದಿಲ್ಲ, ನೀವೇ ಕೇಳಿ. ಅಂಗಡಿಯ ಬೆಂಕಿ ವಿಮೆ ಇದ್ದವರೂ ಪಾಲಿಸಿ ತೆಗೆದು ನೋಡಿ. ಗಿರಾಕಿಗಳು ಒಪ್ಪಿಸಿದ ವಸ್ತು ಅದರಲ್ಲಿ ಸೇರಿದೆ ಎಂದು ಬಿಡಿಸಿ ಬರೆದಿಲ್ಲದಿದ್ದರೆ, ಸುಟ್ಟರೆ ನಿಮ್ಮ ಸ್ಪ್ಯಾನರಿಗೆ ಹಣ ಬಂದೀತು, ಗಿರಾಕಿಯ ಕಾರಿಗೆ ಬರದು. ನನ್ನ ಪ್ರೆಸ್ಸಿನ ಪಾಲಿಸಿಯಲ್ಲಿ ಪಾರ್ಟಿ ಪೇಪರಿಗೆ ಹಾಗೆ ಬರೆಸಿಯೇ ನಾನು ಕಂತು ಕಟ್ಟುವುದು.

ಕೆಲಸದ ನಡುವೆ ಹೊಸ ದೋಷ ಕಂಡರೆ ಫೋನು ಮಾಡಿ, ಮೆಸೇಜಿನಲ್ಲಿ ಒಪ್ಪಿಗೆ ಪಡೆದು ಮುಂದುವರಿಯಿರಿ. 'ಬೇಡ' ಎಂದರೆ ಅದನ್ನೂ ಬರೆಯಿರಿ: 'ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಬದಲಿಸಲು ಗಿರಾಕಿ ಒಪ್ಪಿಲ್ಲ.' ಅವನೇ ತಂದ ಸ್ಪೇರು ಹಾಕಿದರೆ 'ಗಿರಾಕಿ ತಂದದ್ದು' ಎಂದು ಬರೆಯಿರಿ. ಹಳೆಯ ಸ್ಪೇರನ್ನು ಕವರಿನಲ್ಲಿ ಹಾಕಿ ವಾಪಸು ಕೊಡಿ. ಗುಜರಿಗೆ ಹಾಕಿದರೆ ನಿಮಗೆ ಹತ್ತು ರೂಪಾಯಿ ಸಿಕ್ಕೀತು, ಅವನಿಗೆ ಮಾತ್ರ 'ಬದಲಿಸಿಯೇ ಇಲ್ಲ' ಎನ್ನಲು ದಾರಿಯಾಗುತ್ತದೆ. ಗಾಡಿ ಕೊಡುವಾಗ ಮತ್ತೆ ಅದೇ ಸುತ್ತು, ಅದೇ ಕಾರ್ಡು, ಕೆಳಗೆ ಅವನ ರುಜು, ತಾರೀಖು, ಗಂಟೆ.

ದುಡ್ಡು ಕೊಡದಿದ್ದರೆ ಗಾಡಿ ಇಟ್ಟುಕೊಳ್ಳಬಹುದೇ ಎಂದು ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಇಟ್ಟುಕೊಳ್ಳಬಹುದು, 170ನೇ ಕಲಮು ಆ ಹಕ್ಕು ಕೊಟ್ಟಿದೆ. ಬೇರೆ ಕರಾರು ಇರಬಾರದು, ಒಪ್ಪಿದ ಕೆಲಸ ಪೂರ್ತಿ ಆಗಿರಬೇಕು, ಆ ಕೆಲಸದ ಕೂಲಿಗಷ್ಟೇ ಹಿಡಿಯಬಹುದು. ಹೋದ ವರ್ಷದ ಬಾಕಿಗೆ ಈ ವರ್ಷದ ಗಾಡಿ ಹಿಡಿಯಬೇಡಿ. ಹಿಡಿದ ಗಾಡಿಯನ್ನು ಮಾರುವ ಹಕ್ಕಂತೂ ಇಲ್ಲವೇ ಇಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಯಾವುದೋ ದೊಡ್ಡ ಷೋರೂಮಿನ ಇಂಗ್ಲಿಷ್ ಕಾರ್ಡು ತಂದು, 'ಅಣ್ಣಾ, ಇದನ್ನೇ ಹಾಕಿಕೊಡಿ, ಹೆಸರು ಬದಲಾಯಿಸಿ' ಅನ್ನುತ್ತಾರೆ. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಇಪ್ಪತ್ತು ಷರತ್ತು. ಅಂಥ ಒಂದು ಕಾರ್ಡನ್ನು ನಾನು ಓದಿ ಹೇಳಿದೆ: 'ತಮ್ಮಾ, ತಕರಾರು ಬಂದರೆ ಬೇರೆ ರಾಜ್ಯದ ಕೋರ್ಟಿನಲ್ಲೇ ನಡೆಯಬೇಕು ಅಂತ ಇದೆಯಲ್ಲೋ ಇದರಲ್ಲಿ! ನಿನ್ನ ಗ್ಯಾರೇಜಿರುವುದು ಕಾಮಾಕ್ಷಿಪಾಳ್ಯದಲ್ಲಿ.' ಅವನು ಬಾಯಿ ಬಿಟ್ಟು ನಿಂತ. ಬರೆಯುವ ಹುಡುಗನಿಗೂ ಅರ್ಥವಾಗದ, ರುಜು ಹಾಕುವವನೂ ಓದದ ಕಾಗದ ಯಾರನ್ನು ಕಾಯುತ್ತದೆ? ಜಾಬ್ ಕಾರ್ಡು ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳಿಲ್ಲ. ಬೋರ್ಡಿನಲ್ಲಿ ನೂರಕ್ಕೆ 60 ಪಾಲು ಕನ್ನಡ ಬೇಕೆಂದು 2024ರಲ್ಲಿ ತಿದ್ದುಪಡಿ ಬಂತು, ಬೀದಿಯಲ್ಲಿ ಸದ್ದೂ ಆಯಿತು. ಸಂತೋಷ. ಬೋರ್ಡಿನ ಕೆಳಗೆ ಕೂತವನು ಬರೆಯುವ ಕಾಗದದಲ್ಲಿ ಎಷ್ಟು ಪಾಲು ಕನ್ನಡವಿದೆ? ಕನ್ನಡದಲ್ಲಿ ಅಚ್ಚಾಗಲಿ. ಕನ್ನಡ ಬಾರದ ಗಿರಾಕಿ ಬಹಳ ಬರುತ್ತಾರೆ ಎಂದಾದರೆ ಕೆಳಗೆ ಇಂಗ್ಲಿಷೂ ಇರಲಿ, ಅವನಿಗೂ ಅರ್ಥವಾಗಬೇಕಲ್ಲ. ಅರ್ಥವಾಗದೆ ಹಾಕಿಸಿಕೊಂಡ ರುಜು ನಾಳೆ ಜಗಳಕ್ಕೇ ಮೂಲ.

ಇನ್ನೊಂದು ಮಾತು. ಮಿಷನ್ನಿನಿಂದ ಬರುವ ನುಣುಪು ರೋಲಿನ ಬಿಲ್ಲು ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಕಾಗದವಾಗುತ್ತದೆ. ಗ್ರಾಹಕರ ಆಯೋಗಕ್ಕೆ ಹೋಗಲು ಗಿರಾಕಿಗೆ 2 ವರ್ಷ ಕಾಲಾವಕಾಶವಿದೆ. ಕಾರ್ಬನ್ ಕಾಪಿ, ನಂಬರು ಹಾಕಿದ ಬುಕ್ಕು ಅದಕ್ಕೂ ಮೀರಿ ಬಾಳುತ್ತದೆ. ಎರಡು ವರ್ಷ ದಾಟುವ ತನಕ ಒಂದು ಬುಕ್ಕನ್ನೂ ತೂಕಕ್ಕೆ ಹಾಕಬೇಡಿ.

ತಪ್ಪು ನಿಮ್ಮದೇ ಆದರೆ? ಡ್ರೇನ್ ಪ್ಲಗ್ಗಿನ ತ್ರೆಡ್ಡು ಹೋಗುತ್ತದೆ, ಬ್ರೇಕ್ ಆಯಿಲ್ ಚೆಲ್ಲಿ ಪೇಂಟು ಏಳುತ್ತದೆ, ಅಲ್ಯುಮಿನಿಯಂ ಹೆಡ್ಡಿಗೆ ಸ್ಪಾರ್ಕ್ ಪ್ಲಗ್ಗು ಅಡ್ಡ ಏರುತ್ತದೆ. ಕೈಯಾಡುವ ಕಡೆ ಇದೆಲ್ಲ ಆಗುತ್ತದೆ. ಮುಚ್ಚಿ ಬಣ್ಣ ಬಳಿಯಬೇಡಿ. ಗಿರಾಕಿ ಬರುವ ಮುಂಚೆಯೇ ಫೋನು ಮಾಡಿ ಹೇಳಿ, ಸರಿಮಾಡಿ ಕೊಡಿ, ಸರಿಮಾಡಿದ್ದನ್ನೂ ಬರೆಯಿರಿ. ಅವನೂ ನಮ್ಮಂತೆ ಸಾಲ ಮಾಡಿ ಗಾಡಿ ತೆಗೆದವನೇ.

ಕೊನೆಗೆ ನೋಟೀಸಿನ ವಿಚಾರ. ನಿಜವಾಗಿ ನಮ್ಮ ಹುಡುಗರು ಸೋಲುವುದು ಇಲ್ಲಿ. ನಾನು ಕಂಡ ಒಬ್ಬ ಗ್ಯಾರೇಜಿನವನು ಇಂಗ್ಲಿಷಿನಲ್ಲಿ ಬಂದ ನೋಟೀಸನ್ನು ಓದಲಾಗದೆ ಗಲ್ಲದ ಕೆಳಗೆ ಇಟ್ಟಿದ್ದ. ಮೂರು ತಿಂಗಳ ಮೇಲೆ ಮದುವೆ ಕಾರ್ಡು ಮಾಡಿಸಲು ಬಂದಾಗ ನನಗೆ ತೋರಿಸಿದ. ಅಷ್ಟರಲ್ಲಿ ಹೊತ್ತು ಮೀರಿತ್ತು, ಅವನ ಮಾತು ಕೇಳದೆಯೇ ಪ್ರಕರಣ ಮುಂದೆ ಹೋಗಿತ್ತು. ಅವನ ಕಾರ್ಡಿನಲ್ಲಿ ಗಿರಾಕಿಯ ರುಜು ಇತ್ತು, ಹಳೆಯ ಡೆಂಟು ಬರೆದಿತ್ತು. ಎಲ್ಲ ಇದ್ದೂ ತೋರಿಸುವ ಅವಕಾಶ ಹೋಯಿತು.

ವಕೀಲರ ನೋಟೀಸು ಬೇರೆ, ಆಯೋಗದ ನೋಟೀಸು ಬೇರೆ. ವಕೀಲರದ್ದಕ್ಕೂ ಉತ್ತರ ಕೊಡುವುದು ಒಳ್ಳೆಯದು. ಆಯೋಗದಿಂದ ದೂರಿನ ಪ್ರತಿಯೊಂದಿಗೆ ನೋಟೀಸು ಬಂದರೆ ಮಾತ್ರ ಅವತ್ತಿನಿಂದ ದಿನ ಎಣಿಸಿ. ಈಗ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ತರಕ್ಕೆ 30 ದಿನ. ಆಯೋಗ ಒಪ್ಪಿದರೆ ಇನ್ನು 15. ಒಟ್ಟು 45 ದಿನ ದಾಟಿದ ಮೇಲೆ ಒಂದು ದಿನವೂ ಹೆಚ್ಚು ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2020ರ ಮಾರ್ಚಿನಲ್ಲಿ ಹೇಳಿದೆ. ಸೋತ ಮೇಲೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೂ ಆದೇಶದ ಹಣದಲ್ಲಿ ಅರ್ಧ ಮೊದಲು ಕಟ್ಟಬೇಕು. ರಾಜಿಗೆ ಮಧ್ಯಸ್ಥಿಕೆಯ ದಾರಿ ಈ ಕಾಯಿದೆಯಲ್ಲಿದೆ, ಆದರೆ ಅದಕ್ಕೂ ನೀವು ಹೋಗಿ ನಿಂತಿರಬೇಕು.

ಆದ್ದರಿಂದ ಲಕೋಟೆ ಬಂದ ದಿನವೇ ಅದರ ಮೇಲೆ ತಾರೀಖು ಬರೆಯಿರಿ, ಲಕೋಟೆಯನ್ನೂ ಇಟ್ಟುಕೊಳ್ಳಿ. ಓದಲು ಬಾರದಿದ್ದರೆ ಸಂಜೆ ಏಳರ ಮೇಲೆ ನನ್ನ ಪ್ರೆಸ್ಸಿಗೆ ಬನ್ನಿ, ಆ ಹೊತ್ತಿಗೆ ಮಿಷನ್ನು ನಿಂತಿರುತ್ತದೆ, ಓದಿ ಕನ್ನಡದಲ್ಲಿ ಹೇಳುತ್ತೇನೆ. ಬರುವಾಗ ಆ ಗಾಡಿಯ ಜಾಬ್ ಕಾರ್ಡು ಮರೆಯದೆ ತನ್ನಿ.